ಅಡ್ಡಿಲ್ಲೆ

ವಾಷಿಂಗ್ ಮಷೀನಿಗೆ ಬಟ್ಟೆ ತುಂಬಿ ಸ್ಟಾರ್ಟ್ ಬಟನ್ ಒತ್ತಿದ ತಕ್ಷಣ ಅದು ನೀರು ತಗೊಳ್ಳುವುದಿಲ್ಲ. ಡ್ರಮ್ಮು ಆಚೆ ಒಂದು ಸಲ, ಈಚೆ ಒಂದು ಸಲ ತಿರುಗುತ್ತದೆ. ನಿಲ್ಲುತ್ತದೆ. ಮತ್ತೆ ತಿರುಗುತ್ತದೆ. ಆಮೇಲೆ ಡಿಸ್‌ಪ್ಲೇ ಮೇಲೆ 48 ನಿಮಿಷ ಅಂತಲೋ, 1 ಗಂಟೆ 10 ನಿಮಿಷ ಅಂತಲೋ ಬರುತ್ತದೆ. ಈಗಿನ ಬಹುಪಾಲು ಫುಲ್ಲಿ ಆಟೊಮ್ಯಾಟಿಕ್ ಮಷೀನುಗಳು ಮೊದಲ ಅರ್ಧ ನಿಮಿಷದಲ್ಲಿ ಮಾಡುವುದು ಒಂದೇ ಕೆಲಸ: ತನ್ನೊಳಗೆ ಎಷ್ಟು ಹೊರೆ ಬಿದ್ದಿದೆ ಅಂತ ನೋಡಿಕೊಳ್ಳುವುದು.

ತಮಾಷೆ ಅಂದರೆ, ಸಾಮಾನ್ಯವಾಗಿ ಅದರೊಳಗೆ ತಕ್ಕಡಿ ಇರುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಡ್ರಮ್ಮು ಎಷ್ಟು ಕೆಳಗೆ ಜಗ್ಗಿತು ಅಂತ ಅಳೆಯುವ ಸೆನ್ಸರ್ ಇದೆ, ನಿಜ. ಉಳಿದವು ತೂಗುವುದಿಲ್ಲ, ನೂಕಿ ನೋಡುತ್ತವೆ. ಮೋಟಾರು ಡ್ರಮ್ಮಿಗೆ ಗೊತ್ತಾದ ಒಂದು ಅಳತೆಯ ತಳ್ಳು ಕೊಡುತ್ತದೆ. ಬಟ್ಟೆ ಕಡಿಮೆ ಇದ್ದರೆ ಡ್ರಮ್ಮು ಬೇಗ ವೇಗ ಹಿಡಿಯುತ್ತದೆ, ಜಾಸ್ತಿ ಇದ್ದರೆ ನಿಧಾನ. ಎಷ್ಟು ಕರೆಂಟು ಎಳೆಯಿತು, ಎಷ್ಟು ಹೊತ್ತಾಯಿತು, ಮೋಟಾರು ಬಿಟ್ಟ ಮೇಲೆ ನಿಲ್ಲಲಿಕ್ಕೆ ಎಷ್ಟು ಸಮಯ ತಗೊಂಡಿತು ಎಂಬುದರಿಂದ ಹೊರೆಯ ಅಂದಾಜು ಸಿಗುತ್ತದೆ. ಖಾಲಿ ಜೋಕಾಲಿ ನೂಕುವುದಕ್ಕೂ ಮಗು ಕೂತ ಜೋಕಾಲಿ ನೂಕುವುದಕ್ಕೂ ಇರುವ ವ್ಯತ್ಯಾಸ ನಮ್ಮ ಕೈಗೆ ಗೊತ್ತಾಗುತ್ತದಲ್ಲ, ಹಾಗೆ.

ಅಲ್ಲಿಗೂ ಮುಗಿಯುವುದಿಲ್ಲ. ನೀರು ಬಿಟ್ಟ ಮೇಲೆ ಇನ್ನೊಮ್ಮೆ ನೋಡುತ್ತದೆ. ತೊಟ್ಟಿಯ ಬುಡದಿಂದ ಮೇಲಕ್ಕೆ ಹೋಗುವ ಸಣ್ಣ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಏರಿದಷ್ಟೂ ಆ ಗಾಳಿಯ ಒತ್ತಡ ಏರುತ್ತದೆ, ಅದರಿಂದ ನೀರಿನ ಮಟ್ಟ ತಿಳಿಯುತ್ತದೆ. ಬಟ್ಟೆ ನೀರು ಕುಡಿದರೆ ಮಟ್ಟ ಇಳಿಯುತ್ತದೆ, ಮಷೀನು ಮತ್ತೆ ತುಂಬಿಸುತ್ತದೆ. ಒಣಗಿದ್ದಾಗ ಎರಡು ಕಿಲೋ ಟವೆಲ್ಲೂ ಎರಡು ಕಿಲೋ ಪಾಲಿಯೆಸ್ಟರ್ ಟೀಶರ್ಟೂ ಒಂದೇ ತೂಕ. ಒದ್ದೆಯಾದ ಮೇಲೆ ಅಲ್ಲ.

ಈ ಅಂದಾಜಿನ ಲೆಕ್ಕಕ್ಕೆ ಒಂದು ಚಂದದ ಇತಿಹಾಸ ಇದೆ. 1965ರಲ್ಲಿ ಬರ್ಕ್ಲಿಯ ಲೋತ್ಫಿ ಝಾದೆ 'ಫಜ್ಜಿ ಸೆಟ್ಸ್' ಎಂಬ ಪ್ರಬಂಧ ಬರೆದ. ಹೌದು-ಇಲ್ಲ ಎರಡೇ ಅಲ್ಲ. 'ಸ್ವಲ್ಪ', 'ಸುಮಾರು', 'ಜಾಸ್ತಿಯೇ' ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬಹುದು ಎಂಬುದು ಅದರ ತಿರುಳು. 25 ವರ್ಷದ ನಂತರ, 1990ರಲ್ಲಿ, ಜಪಾನಿನ ಮತ್ಸುಶಿತ ಕಂಪನಿ (ಇವತ್ತಿನ ಪ್ಯಾನಸಾನಿಕ್) ಈ ತರ್ಕವನ್ನು ವಾಷಿಂಗ್ ಮಷೀನಿಗೆ ಹಾಕಿ ಮಾರಿತು. ಆ ವರ್ಷ ಜಪಾನಿನಲ್ಲಿ 'ಫಜ್ಜಿ' ಎಂಬುದು ಎಲ್ಲರ ಬಾಯಲ್ಲಿ ಓಡಾಡಿದ ಪದ. ಆ ಮಷೀನಿನ ಹೆಸರು 'ಐಸೈಗೊ'. ಅದರಲ್ಲಿ 'ಐಸೈ' ಅಂದರೆ ಪ್ರೀತಿಯ ಹೆಂಡತಿ. ಬಟ್ಟೆಯ ಭಾರ ಅಳೆಯುವುದನ್ನು ಕಲಿತ ಯಂತ್ರಕ್ಕೆ, ಆ ಭಾರ ಅಲ್ಲಿಯವರೆಗೆ ಯಾರ ಮೇಲಿತ್ತೋ ಅವಳ ಹೆಸರು. ಅವಳ ಭಾರ ಅಳೆಯಲಿಕ್ಕೆ ಯಂತ್ರ ಬಂದಿಲ್ಲ, ಅದು ಬೇರೆ ಮಾತು.

ಸಿದ್ದಾಪುರದ ನಮ್ಮ ಮನೆಗೆ ಮಷೀನು ಬಂದಾಗ ಆಯಿ ಕೇಳಿದ ಮೊದಲ ಪ್ರಶ್ನೆ ಇದೇ. "ಬಟ್ಟೆ ಎಷ್ಟಿದ್ದು ಅಂತ ಅದಕ್ಕೆ ಹ್ಯಾಂಗೆ ಗೊತ್ತಾಗ್ತು ತಮಾ?" ಮೇಲೆ ಬರೆದದ್ದನ್ನೇ ಹೇಳಿದೆ. ಕೇಳಿಸಿಕೊಂಡು ಎರಡನೇ ಪ್ರಶ್ನೆ ಹಾಕಿದಳು. "ಭಾರ ಗೊತ್ತಾತು, ಸರಿ. ಕೊಳೆ ಎಷ್ಟಿದ್ದು ಅಂತ ಗೊತ್ತಾಗ್ತಾ?"

ಅಡಿಕೆ ಹಂಗಾಮಿನಲ್ಲಿ ನಮ್ಮ ಕಡೆ ಬಟ್ಟೆ ನೋಡಿದವರಿಗೆ ಈ ಪ್ರಶ್ನೆ ಅರ್ಥ ಆಗುತ್ತದೆ. ಅಡಿಕೆ ಬೇಯಿಸಿದ ಚೊಗರು ಬಿದ್ದ ಒಂದು ಪಂಚೆ, ಆರು ಬೆಡ್‌ಶೀಟಿಗಿಂತ ಹೆಚ್ಚು ಕೆಲಸ ಕೊಡುತ್ತದೆ. ನೀರಿನಲ್ಲಿ ಬೆಳಕು ಹಾಯಿಸಿ ಎಷ್ಟು ಮಬ್ಬಾಗಿದೆ ಅಂತ ನೋಡುವ ಸೆನ್ಸರ್ ಇರುವ ಮಷೀನುಗಳೂ ಇವೆ. ಆದರೆ ಅದಕ್ಕೆ ಕಾಣುವುದು ಬಟ್ಟೆ ಬಿಟ್ಟು ನೀರಿಗೆ ಬಂದ ಕೊಳೆ ಮಾತ್ರ. ಬಟ್ಟೆಯನ್ನೇ ಹಿಡಿದುಕೊಂಡ ಚೊಗರಿನ ಕಲೆ ಅದಕ್ಕೆ ಕಾಣುವುದಿಲ್ಲ.

ಇಲ್ಲಿಂದ ನನ್ನ ತಲೆಯೊಳಗೆ ಬೇರೆ ಪ್ರಶ್ನೆ ಶುರುವಾಯಿತು. ಮಷೀನಿಗೆ ಹೊರೆ ತಿಳಿಯುವುದು ಎದುರಿನಿಂದ ಬರುವ ಅಡ್ಡಿಯಿಂದ. ನೂಕಿದಾಗ ಎಷ್ಟು ತಡೆಯುತ್ತದೋ ಅಷ್ಟು ಭಾರ. ಯೋಚಿಸಿದರೆ, ನಾವು ಮನುಷ್ಯರ ಹೊರೆ ಅಳೆಯುವುದೂ ಹಾಗೆಯೇ. ಸ್ಪ್ರಿಂಟ್ ಪ್ಲಾನಿಂಗಿನಲ್ಲಿ "ಈ ವಾರ ಆಗಲ್ಲ" ಅನ್ನುವವನ ತಟ್ಟೆ ತುಂಬಿದೆ ಅಂತ ಎಲ್ಲರೂ ಒಪ್ಪುತ್ತಾರೆ. ಸುಮ್ಮನೆ ತಲೆ ಆಡಿಸಿದವಳ ಹೆಸರಿಗೆ ಇನ್ನೊಂದು ಟಿಕೆಟ್ ಬೀಳುತ್ತದೆ. ಅವಳಿಗೆ ಕೆಲಸ ಕಡಿಮೆ ಇದೆ ಅಂತಲ್ಲ, ನೂಕಿದಾಗ ತಡೆಯಲಿಲ್ಲ ಅಂತ. ಮನೆಯಲ್ಲೂ ಅಷ್ಟೇ. ಮುಖ ಗಂಟಿಕ್ಕಿದವರ ಪಾಲಿನ ಕೆಲಸ ಮಾತಿಲ್ಲದೆ ಕಡಿಮೆ ಆಗುತ್ತದೆ, ಅದು ಹೋಗಿ ಸೇರುವುದು ಮುಖ ಗಂಟಿಕ್ಕದವರ ಪಾಲಿಗೆ.

ಹಾಗಾದರೆ ಭಾರ ಎಷ್ಟು ಅಂತ ತಿಳಿಸುವ ಹೊಣೆ ಯಾರದು? ಹೊತ್ತವರದೋ, ಹೊರಿಸುವವರದೋ?

ಹೊತ್ತವರದು ಅನ್ನುವ ವಾದ ಹಗುರದ್ದಲ್ಲ. ದೊಡ್ಡವರಾದ ಮೇಲೆ ಬಾಯಿ ಇದೆ, ಹೇಳಬೇಕು. ಇನ್ನೊಬ್ಬರ ಮನಸ್ಸು ಓದುವ ವಿದ್ಯೆ ಯಾರಿಗೂ ಇಲ್ಲ. ಹೇಳದೆ ಹೊತ್ತು, ಆಮೇಲೆ ಒಂದು ದಿನ ಸಿಡಿದರೆ ಅದು ಎದುರಿನವರಿಗೂ ಅನ್ಯಾಯ. ಇದನ್ನೆಲ್ಲ ಒಪ್ಪಬಹುದು. ಆದರೆ 'ಆಗಲ್ಲ' ಅನ್ನಲಿಕ್ಕೂ ಒಂದು ಬಲ ಬೇಕು. ಹತ್ತು ವರ್ಷ ಅನುಭವ ಇರುವವನು ಆಗಲ್ಲ ಅಂದರೆ ಅದು ಅಭಿಪ್ರಾಯ. ಕಾಂಟ್ರಾಕ್ಟ್ ಮೇಲೆ ಬಂದ ಹುಡುಗ ಅಂದರೆ ಆ್ಯಟಿಟ್ಯೂಡ್. ಮಗಳು ಅಂದರೆ ಸುಸ್ತು, ಸೊಸೆ ಅಂದರೆ ಸೋಮಾರಿತನ. ಒಂದೇ ಮಾತು, ಬೇರೆ ಬೇರೆ ಬೆಲೆ. ಹೇಳುವುದೇ ಇನ್ನೊಂದು ಹೊರೆ ಆದಾಗ ಜನ ಇರುವ ಹೊರೆಯನ್ನೇ ಹೊತ್ತುಕೊಂಡು ಸುಮ್ಮನಿರುತ್ತಾರೆ.

ನಮ್ಮ ಸಿರ್ಸಿ-ಸಿದ್ದಾಪುರದ ಕಡೆ ಇದಕ್ಕೊಂದು ಪದವೇ ಇದೆ: ಅಡ್ಡಿಲ್ಲೆ. ಊಟ ಹೇಗಿತ್ತು? ಅಡ್ಡಿಲ್ಲೆ. ಸೊಂಟನೋವು? ಅಡ್ಡಿಲ್ಲೆ. ಇಪ್ಪತ್ತು ಜನ ಊಟಕ್ಕೆ ಬರ್ತಿದ್ದಾರೆ, ಆಗ್ತದಾ? ಅಡ್ಡಿಲ್ಲೆ. ಚೆನ್ನಾಗಿದೆ, ಪರವಾಗಿಲ್ಲ, ಹೇಗೋ ನಡೆಯುತ್ತದೆ, ಕೇಳಬೇಡ — ಎಲ್ಲದಕ್ಕೂ ಅದೇ. ಬಿಡಿಸಿದರೆ ಅಡ್ಡಿ ಇಲ್ಲ. ಅಡ್ಡಿಯಿಂದಲೇ ಭಾರ ಅಳೆಯುವ ಲೋಕದಲ್ಲಿ ಅಡ್ಡಿಲ್ಲೆ ಅನ್ನುವವರ ರೀಡಿಂಗ್ ಯಾವಾಗಲೂ ಸೊನ್ನೆ.

ಆದರೆ ಅದೇ ಊರಿನಲ್ಲಿ ಭಾರ ತಿಳಿಯುವ ಇನ್ನೊಂದು ಕ್ರಮವೂ ಇದೆ. ಬೆಟ್ಟದಿಂದ ಸೊಪ್ಪಿನ ಹೊರೆ ತರುವವರು ಅದನ್ನು ತಮ್ಮ ತಲೆಗೆ ತಾವೇ ಏರಿಸಿಕೊಳ್ಳುವುದು ಕಷ್ಟ. ಇನ್ನೊಬ್ಬರು ಎತ್ತಿಸಬೇಕು. ಎತ್ತಿಸುವಾಗ ಅರೆಗಳಿಗೆ ಅರ್ಧ ಭಾರ ಎತ್ತಿಸುವವರ ಕೈಮೇಲೂ ಇರುತ್ತದೆ. "ಇದು ಜಾಸ್ತಿ ಆತು, ಸ್ವಲ್ಪ ತೆಗೆ" ಎಂಬ ಮಾತು ಬರುವುದು ಆ ಗಳಿಗೆಯಲ್ಲಿ. ಹೊರುವವರು ಬಾಯಿ ಬಿಡಬೇಕಾಗಿಯೇ ಇಲ್ಲ.

ಹಾಗಾಗಿ ನನಗೆ ಅನ್ನಿಸುವುದು: ಮೊದಲ ಹೊಣೆ ಹೊರಿಸುವವರದು. ಹೇಳುವ ಹೊಣೆ ಹೊತ್ತವರಿಗೆ ಇಲ್ಲ ಅಂತಲ್ಲ, ಅದು ಎರಡನೆಯದು. ಈ ವಿಷಯದಲ್ಲಿ ಮಷೀನಿನ ಶಿಸ್ತು ನಮಗಿಂತ ವಾಸಿ. ನೀರು ಬಿಡುವ ಮೊದಲೇ ಹೊರೆ ನೋಡುತ್ತದೆ. ಒದ್ದೆಯಾದ ಮೇಲೆ ಭಾರ ಬದಲಾಗುತ್ತದೆ ಅಂತ ಗೊತ್ತಿದ್ದು ಮತ್ತೆ ನೋಡುತ್ತದೆ. ಹಿಂಡುವಾಗ ಬಟ್ಟೆಯೆಲ್ಲ ಒಂದೇ ಕಡೆ ಮುದ್ದೆಯಾಗಿದ್ದರೆ ವೇಗ ತಗ್ಗಿಸಿ ಹರಡಲು ನೋಡುತ್ತದೆ. ಆಗದಿದ್ದರೆ ಎರರ್ ತೋರಿಸಿ ನಿಂತುಬಿಡುತ್ತದೆ. ನಮ್ಮ ಎಷ್ಟು ಟೀಮುಗಳಲ್ಲಿ, ಎಷ್ಟು ಅಡುಗೆಮನೆಗಳಲ್ಲಿ ನಿಂತುಬಿಡುವ ಈ ಅವಕಾಶ ಇದೆ?

ಒಂದು ಎಚ್ಚರಿಕೆ ಬೇಕು. ಮಷೀನು ಹೊರೆ ನೋಡುವುದು ಬಟ್ಟೆಯ ಮೇಲಿನ ಕರುಣೆಯಿಂದಲ್ಲ, ನೀರು-ಕರೆಂಟು ಉಳಿಸಲಿಕ್ಕೆ. ಆಫೀಸಿನ ಡ್ಯಾಶ್‌ಬೋರ್ಡುಗಳೂ ಹೊರೆ ಅಳೆಯುತ್ತವೆ, ಬಹಳ ಸಲ ಇನ್ನೂ ಎಷ್ಟು ತುಂಬಬಹುದು ಅಂತ ನೋಡಲಿಕ್ಕೆ. ದೂರದಿಂದ ಅಳೆಯುವುದಕ್ಕೂ ಎತ್ತಿಸುತ್ತ ಅಳೆಯುವುದಕ್ಕೂ ಇರುವ ವ್ಯತ್ಯಾಸ ಅದೇ. ಎತ್ತಿಸುವವರ ಕೈಗೂ ಭಾರ ಬಿದ್ದಿರುತ್ತದೆ.

"ಎಲ್ಲ ಆರಾಮಾ?" ಅಂತ ಕೇಳುವುದು ಕೈ ಹಾಕಿದ ಹಾಗಲ್ಲ. ಅದಕ್ಕೆ ಅಡ್ಡಿಲ್ಲೆ ಅಂತಲೇ ಉತ್ತರ ಬರುತ್ತದೆ, ಬೆಂಗಳೂರಿನಲ್ಲಾದರೆ "ಆಲ್ ಗುಡ್" ಅಂತ. ಟೀಮಿನವಳ ಹತ್ತಿರ "ಏನಾದ್ರೂ ಹೆಲ್ಪ್ ಬೇಕಾ?" ಅನ್ನುವ ಬದಲು "ಆ ಎರಡನೇ ಟಿಕೆಟ್ ನಾನು ತಗೊಳ್ತೇನೆ, ಉಳಿದದ್ದು ಶುಕ್ರವಾರಕ್ಕೆ ಆಗತ್ತಾ?" ಅಂತ ಕೇಳಿ ನೋಡಿ. ಊರಿಗೆ ಫೋನ್ ಮಾಡಿದಾಗ "ಹುಷಾರಾಗಿದ್ದೀರಾ?" ಅನ್ನುವುದರ ಜೊತೆಗೆ, ಇವತ್ತು ಊಟಕ್ಕೆ ಎಷ್ಟು ಜನ ಇದ್ದರು, ಪಾತ್ರೆ ಯಾರು ತೊಳೆದರು ಅಂತ ಕೇಳಿ. ಇಂಥ ಪ್ರಶ್ನೆಗೆ ಅಡ್ಡಿಲ್ಲೆ ಅಂತ ಉತ್ತರ ಕೊಡಲಿಕ್ಕೆ ಬರುವುದಿಲ್ಲ. ಒಂದು ಲೆಕ್ಕ ಹೇಳಬೇಕಾಗುತ್ತದೆ, ಒಂದು ಹೆಸರು ಹೇಳಬೇಕಾಗುತ್ತದೆ. ನಾಲ್ಕು ವಾರ ಕೇಳಿದರೂ ಅದೇ ಹೆಸರು ಬಂದರೆ, ಮುಂದಿನ ಸಲ ಊರಿಗೆ ಹೋದಾಗ ಊಟ ಆದ ಮೇಲೆ ಎಲ್ಲಿ ನಿಂತುಕೊಳ್ಳಬೇಕು ಅಂತ ಬೇರೆ ಹೇಳಬೇಕಾಗಿಲ್ಲ.