ಹೊಳಪಿಗಿಂತ ಹಳೆಯದು

ಹಳೇ ಜಾವಾ ಬೈಕನ್ನು ಬಿಚ್ಚಿ ಮತ್ತೆ ಕಟ್ಟುವವರು ಟ್ಯಾಂಕಿನ ಬಣ್ಣಕ್ಕೆ, ಕ್ರೋಮಿಗೆ, ಸೈಲೆನ್ಸರಿನ ಸದ್ದಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಗಾಲಿಯ ನಟ್ಟನಡುವಿನ ಹಬ್ಬಿನ ಸರದಿ ಬಂದಾಗ ಮಾತ್ರ ಒಂದೇ ಮಾತು: 'ಬಫಿಂಗ್ ಮಾಡಿಸಿಬಿಡಿ.' ನೋಡುನೋಡುತ್ತಲೇ ಮುಖ ಕಾಣುವಷ್ಟು ಹೊಳಪು ಬರುತ್ತದೆ. ಆ ಹೊಳಪಿನ ಜೊತೆಗೆ ಅಳಿಸಿಹೋಗುವುದು ಏನು ಎಂಬುದೇ ನನ್ನನ್ನು ಕಾಡುವ ಸಂಗತಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು. 1973ರಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಬ್ಬಿಗೆ ಕೊನೆಯ ಕೈ ಹೇಗೆ ಹಾಕುತ್ತಿದ್ದರು ಎಂದು ಕೇಳಿಬರಲು ಈಗ ಆ ಕಾರ್ಖಾನೆಯಿಲ್ಲ. ಹಬ್ಬನ್ನೇ ಕೇಳಬೇಕು.

ಕಡ್ಡಿಗಳನ್ನೆಲ್ಲ ಬಿಚ್ಚಿ, ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಓರೆ ಬೆಳಕಿಗೆ ಹಿಡಿದರೆ ಅದು ಮಾತಾಡುತ್ತದೆ. ಮಳೆ, ಕೆಸರು ತಾಗಿದ ಕಡೆ ಅಲ್ಯುಮಿನಿಯಮ್ ಬೂದುಗಟ್ಟಿ, ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಕಡ್ಡಿಯ ತಲೆಯ ಅಡಿ, ವಾಷರ್ ಅದುಮಿದ್ದ ಜಾಗ, ಬ್ರೇಕ್ ಪ್ಲೇಟ್ ಮುಚ್ಚಿದ್ದ ಅಂಚು, ಇಲ್ಲೆಲ್ಲ ಮೊದಲ ದಿನದ ಮೈ ಉಳಿದಿರಬಹುದು. ಲೇತ್ ಓಡಿದ ಕಡೆ ಕೂದಲೆಳೆಯಂಥ ಸುತ್ತುಗೆರೆಗಳು. ಓಡದ ಕಡೆ ಎರಕದ ಅಚ್ಚು ಬಿಟ್ಟುಹೋದ ತರಿ. ಎರಡೂ ಸೇರುವ ಅಂಚನ್ನು ಉಗುರಿನಿಂದ ಸವರಿದರೆ, ಉಳಿ ಎಲ್ಲಿ ನಿಂತಿತು ಎಂಬುದು ಬೆರಳಿಗೆ ತಿಳಿಯುತ್ತದೆ. ಇಷ್ಟು ಸಾಕು ಎಂದು ಯಾರೋ ಮಾಡಿದ ತೀರ್ಮಾನ ಅದು. ಬಫಿಂಗ್ ಚಕ್ರ ಸವೆಸಿಹಾಕುವುದು ಈ ಅಂಚನ್ನೇ.

ಆ ಮೊದಲ ದಿನದ ಮೈಯನ್ನು ಮರಳಿ ತರುವುದು ನಿಧಾನದ ಕೆಲಸ. ಬೇರಿಂಗ್ ಕೂರುವ ಜಾಗವನ್ನೂ ಬ್ರೇಕ್ ಲೈನರ್ ಉಜ್ಜುವ ಕಬ್ಬಿಣದ ಒಳಸುತ್ತನ್ನೂ ಭದ್ರವಾಗಿ ಮುಚ್ಚಬೇಕು. ಕೊಳೆ ತೆಗೆಯಲು ಮರಳನ್ನು ಬಿರುಸಾಗಿ ಚಿಮ್ಮಿಸಿದರೆ ಅದು ಲೋಹವನ್ನೇ ಕೊರೆದು ಹೊಸ ತರಿ ಎಬ್ಬಿಸುತ್ತದೆ. ನೀರಿನೊಡನೆ ಸಣ್ಣ ಗಾಜಿನ ಮಣಿಗಳನ್ನು ಚಿಮ್ಮಿಸಿದರೆ ಕೊಳೆ ಹೋಗಿ, ಎರಕದ ಮೈ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಲೇತ್ ಗೆರೆ ಇದ್ದ ಕಡೆ ಹಬ್ಬನ್ನು ತಿರುಗಿಸುತ್ತಾ ನಯವಾದ ಎಮರಿ ಕಾಗದವನ್ನು ಹಗುರಾಗಿ ಹಿಡಿಯಬೇಕು, ಗೆರೆ ಓಡುತ್ತಿದ್ದ ದಿಕ್ಕಿನಲ್ಲೇ.

ಇಲ್ಲೇ ನನಗೆ ದೊಡ್ಡ ಬೆರಗು. ಅಲ್ಯುಮಿನಿಯಮ್ಮನ್ನು ಗೀರಿದ ಕ್ಷಣವೇ ಅದು ಗಾಳಿಯ ಆಮ್ಲಜನಕವನ್ನು ಹಿಡಿದು, ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಅಲ್ಯುಮಿನಿಯಮ್ ಆಕ್ಸೈಡ್; ಮಾಣಿಕ್ಯ, ನೀಲಮಣಿಗಳ ಮೂಲದ್ರವ್ಯವೂ ಅದೇ. ಅಂದಮೇಲೆ ನಾವು ಉಜ್ಜಿದಾಗಲೆಲ್ಲ ಹಬ್ಬಿನ ಹೊರಮೈ ಹೊಚ್ಚಹೊಸದು. 1961ರ ಪೊರೆಯನ್ನು ಯಾರೂ ಮರಳಿ ತರಲಾರರು. ಹಾಗಾದರೆ 'ಒರಿಜಿನಲ್' ಅನ್ನುವುದು ಯಾವುದನ್ನು?

ಕೆಲಸದ ಕ್ರಮವನ್ನು, ಎಂದು ನನಗನಿಸುತ್ತದೆ. ಯಾವ ದಿಕ್ಕಿಗೆ ಉಳಿ ಓಡಿತು, ಎಲ್ಲಿ ನಿಂತಿತು, ಯಾವುದನ್ನು ಹಾಗೇ ಬಿಟ್ಟಿತು ಎಂಬುದನ್ನು. ಲೋಹ ಮೈ ಬದಲಿಸುತ್ತಲೇ ಇದ್ದರೂ ಆ ಕ್ರಮವನ್ನು ಹಿಡಿದಿಟ್ಟುಕೊಂಡಿದೆ. ಕಾರ್ಖಾನೆ ಮುಚ್ಚಿದರೂ, ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೂ, ಅವರ ಕೆಲಸವನ್ನು ಓದಿ ನಮ್ಮ ಕೈಯಿಂದ ಮತ್ತೊಮ್ಮೆ ಮಾಡಲು ಬರುತ್ತದೆ. ಹಳೆಯದನ್ನು ಉಳಿಸುವುದೆಂದರೆ, ಅವರು ಕೈ ತೆಗೆದ ಜಾಗದಲ್ಲೇ ನಾವೂ ಕೈ ತೆಗೆಯುವುದು.