ಅಮ್ಮನ ಪಾದ ನೋಡಿದ್ದೀರಾ?



ಪವಿತ್ರ ಗುರುವಾರದ ಸಂಜೆ ಗುರುಗಳು ನಡುವಿಗೆ ವಸ್ತ್ರ ಕಟ್ಟಿಕೊಂಡು, ಮೊಣಕಾಲೂರಿ ಪಾದ ತೊಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಪಾದ ತೊಳೆಸಿಕೊಳ್ಳಲು ಕುಳಿತವರ ಮುಖವನ್ನು ಗಮನಿಸಿದ್ದೀರಾ? ಹಲವರಿಗೆ ಮುಜುಗರ. ಮನೆಯಲ್ಲೇ ಚೆನ್ನಾಗಿ ತಿಕ್ಕಿ ತೊಳೆದುಕೊಂಡು ಬಂದಿರುತ್ತಾರೆ. ಆದರೂ ಒಡೆದ ಹಿಮ್ಮಡಿ ಕಾಣಬಾರದೆಂದು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಪೇತ್ರನೂ ಹಾಗೆಯೇ ಮಾಡಿದ. ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ಓದಿ ನೋಡಿ. ಪ್ರಭು ತನ್ನ ಪಾದ ಮುಟ್ಟಬಾರದೆಂದು ಅವನು ಹಟ ಹಿಡಿದ. ಆದರೆ ಪಾದ ತೊಳೆಸಿಕೊಳ್ಳದಿದ್ದರೆ ತಮ್ಮೊಂದಿಗೆ ಅವನಿಗೆ ಪಾಲಿಲ್ಲ ಎಂದುಬಿಟ್ಟರು ಯೇಸುಸ್ವಾಮಿ.

ಪೇತ್ರನ ಆ ಹಟ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಅಮ್ಮ ಗೋಡೆ ಹಿಡಿದುಕೊಳ್ಳುತ್ತಾರೆ. ಹಿಮ್ಮಡಿಯಲ್ಲಿ ಮೊಳೆ ಹೊಡೆದಂಥ ನೋವು. ಒಲೆಯ ಮುಂದೆ ನಿಂತು ನಿಂತು ಸಂಜೆಯ ಹೊತ್ತಿಗೆ ಪಾದ ಊದಿರುತ್ತದೆ. "ಯಾಕಮ್ಮಾ ಕುಂಟುತ್ತಿದ್ದೀಯ?" ಎಂದು ಮಗ ಕೇಳಿದರೆ, "ಏನಿಲ್ಲ ಬಿಡಪ್ಪ, ವಯಸ್ಸಾಯ್ತಲ್ಲ" ಎಂದು ಸೀರೆಯ ಅಂಚನ್ನು ಕೆಳಗೆ ಎಳೆದುಕೊಳ್ಳುತ್ತಾರೆ. ಅಪ್ಪನದೂ ಅದೇ ಕಥೆ. ಮೊಣಕಾಲು ಹಿಡಿದುಕೊಂಡಾಗಲೆಲ್ಲ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿ, ಮತ್ತೆ ಕೆಲಸಕ್ಕೆ ಹೊರಡುತ್ತಾರೆ.

ಏಕೆ ಹೀಗೆ ಮುಚ್ಚಿಡುತ್ತಾರೆ? ಸೂಜಿಯ ಭಯದಿಂದಲ್ಲ, ಬಿಲ್ಲಿನ ಭಯದಿಂದ. ಮೊಮ್ಮಗಳ ಸ್ಕೂಲ್ ಫೀಜು ಕಟ್ಟಬೇಕು, ಮನೆ ಸಾಲದ ಕಂತು ಬಾಕಿ ಇದೆ, ಸಂಘದ ಸಾಲ ಇನ್ನೂ ತೀರಿಲ್ಲ. ಇದರ ನಡುವೆ ನನ್ನ ಕಾಲು ನೋವು ಯಾವ ಲೆಕ್ಕ ಎಂಬುದು ಅವರ ಎಣಿಕೆ. ನಾವು ಇದನ್ನು ತ್ಯಾಗ ಎಂದು ಕರೆದು ಕೊಂಡಾಡುತ್ತೇವೆ. "ನಮ್ಮಮ್ಮ ಒಂದು ದಿನವೂ ನೋವು ಎಂದವಳಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪ್ರಿಯರೇ, ಅದು ಹೆಮ್ಮೆಪಡುವ ಮಾತೇ? ಆಕೆ ನೋವು ಎನ್ನಲಿಲ್ಲವೋ, ಎನ್ನಲು ನಾವು ಬಿಡಲಿಲ್ಲವೋ? ಹಿಂದೆ ಎಂದೋ ಒಮ್ಮೆ "ಮತ್ತೆ ಆಸ್ಪತ್ರೆಯಾ?" ಎಂದು ನಾವು ಮುಖ ಸಿಂಡರಿಸಿದ್ದನ್ನು ಆಕೆ ಮರೆತಿಲ್ಲದಿರಬಹುದು.

ನೋವನ್ನು ಸಹಿಸುವುದೇ ಶಿಲುಬೆ ಹೊರುವುದು, ವೈದ್ಯರ ಬಳಿ ಓಡುವುದು ವಿಶ್ವಾಸದ ಕೊರತೆ ಎನ್ನುವವರೂ ಇದ್ದಾರೆ. ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸಲು ಕಲಿಸುತ್ತದೆ. ಮಣ್ಣಿನಿಂದ ಮದ್ದನ್ನು ಬರಮಾಡಿದವರು ದೇವರೇ, ವಿವೇಕಿಯು ಅದನ್ನು ತಿರಸ್ಕರಿಸುವುದಿಲ್ಲ ಎನ್ನುತ್ತದೆ. ಪ್ರಾರ್ಥಿಸು, ವೈದ್ಯನಿಗೂ ಎಡೆ ಕೊಡು ಎಂಬ ಎರಡು ಬುದ್ಧಿಮಾತುಗಳೂ ಅಲ್ಲಿ ಒಟ್ಟಿಗೇ ಇವೆ.

ಆಸ್ಪತ್ರೆಯ ಖರ್ಚಿನ ಸಂಕಟವೂ ಪ್ರಭುವಿಗೆ ತಿಳಿಯದ್ದಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಇದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು ಬರಿಗೈಯಾಗಿದ್ದಳು ಎಂದು ಮಾರ್ಕರು 5ನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಆಕೆಯೂ ಗುಟ್ಟಾಗಿಯೇ, ಹಿಂದಿನಿಂದ ಬಂದು ಮುಟ್ಟಿದಳು. ಪ್ರಭು ಆಕೆಯನ್ನು ಹಾಗೆಯೇ ಹೋಗಗೊಡಲಿಲ್ಲ. ಎದುರಿಗೆ ಕರೆದು, ಆಕೆಯ ಕಥೆಯನ್ನೆಲ್ಲ ಕೇಳಿ, ಮಗಳೇ ಎಂದರು. ಮುಚ್ಚಿಟ್ಟ ನೋವಿಗೆ ಮೊದಲ ಮದ್ದು ಕೇಳುವ ಕಿವಿ.

ಮುಚ್ಚಿಟ್ಟರೆ ಖರ್ಚು ಉಳಿಯುತ್ತದೆಯೇ? ಇಲ್ಲ, ಬೆಳೆಯುತ್ತದೆ. ಸಕ್ಕರೆ ಕಾಯಿಲೆ ಇರುವವರ ಕಾಲನ್ನೇ ನೋಡಿ. ದಿನ ಕಳೆದಂತೆ ನರಗಳು ಸೊರಗಿ ಪಾದ ಜೋಮು ಹಿಡಿಯುತ್ತದೆ, ರಕ್ತದ ಓಟವೂ ಕುಗ್ಗುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಸಂತ ದಾಮಿಯನ್ನರನ್ನು ನೆನೆಯಿರಿ. 1884ರಲ್ಲಿ ಕುದಿಯುವಂಥ ನೀರಿನಲ್ಲಿ ಪಾದ ಇಟ್ಟಾಗ ಚರ್ಮ ಬೊಬ್ಬೆ ಎದ್ದರೂ ಅವರಿಗೆ ನೋವಾಗಲಿಲ್ಲ. ರೋಗ ತಮ್ಮನ್ನೂ ಹಿಡಿದಿದೆ ಎಂಬುದು ಅವರಿಗೆ ಮನವರಿಕೆಯಾದದ್ದು ಆಗ. ನೋವು ಎಂಬುದು ದೇವರು ದೇಹಕ್ಕೆ ಇಟ್ಟ ಕಾವಲುಗಾರ. ಅವನು ಕೂಗುತ್ತಿರುವಾಗ ಕೇಳಿಸಿಕೊಳ್ಳದಿದ್ದರೆ, ಸಣ್ಣ ಗುಳ್ಳೆ ಹುಣ್ಣಾಗುತ್ತದೆ, ಹುಣ್ಣು ಕೊಳೆಯುತ್ತದೆ, ಕೊನೆಗೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗುತ್ತದೆ. ಮೊದಲು ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತಿದ್ದುದಕ್ಕೆ ಆಮೇಲೆ ಒಡವೆ ಅಡವಿಟ್ಟು, ಮೀಟರ್ ಬಡ್ಡಿಗೆ ಸಾಲ ಮಾಡಬೇಕಾಗುತ್ತದೆ.

ಹಾಗಾದರೆ ಬಡ ಕುಟುಂಬ ಏನು ಮಾಡಬೇಕು? ಸಮಾರಿಯದವನ ಸಾಮತಿಯಲ್ಲಿ ಒಂದು ಸಣ್ಣ ಲೆಕ್ಕವಿದೆ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ ಮೇಲೆ ಛತ್ರದವನ ಕೈಗೆ ಎರಡು ದೆನಾರಿ ಕೊಟ್ಟ. ಅಂದಿನ ಲೆಕ್ಕದಲ್ಲಿ ಅದು ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆಂದು ಮಾತು ಕೊಟ್ಟ. ಕೈಲಿದ್ದುದನ್ನು ಇಂದೇ ಕೊಟ್ಟ, ಉಳಿದುದನ್ನು ಮಾತನಾಡಿ ಗೊತ್ತುಮಾಡಿದ. ನಮ್ಮ ಮನೆಗಳಲ್ಲಿ ಆಗಬೇಕಾದುದೂ ಇದೇ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಒಂದು ಭಾನುವಾರ ಪೂಜೆಯ ನಂತರ ಒಟ್ಟಿಗೆ ಕುಳಿತು, ಅಪ್ಪ ಅಮ್ಮನ ಚಿಕಿತ್ಸೆಗೆ ಯಾರು ಎಷ್ಟು ಕೊಡುತ್ತೇವೆ ಎಂದು ಬಾಯಿಬಿಟ್ಟು ಮಾತನಾಡಿಕೊಳ್ಳಿ. ಹಣ ಕೊಡಲಾಗದವರು ಆಸ್ಪತ್ರೆಗೆ ಜೊತೆಗೆ ಹೋಗಬಹುದು.

ಸರ್ಕಾರಿ ಆಸ್ಪತ್ರೆಗೆ ಹೋಗಲು ನಾಚಿಕೆ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಬಹುದು. ಜನೌಷಧಿ ಕೇಂದ್ರಗಳಲ್ಲಿ ಅನೇಕ ಮಾತ್ರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ದೊಡ್ಡ ಚಿಕಿತ್ಸೆಗಳ ನೆರವಿದೆ. ಕಾಯಿಲೆ ಬಿದ್ದ ರಾತ್ರಿ ಕಾರ್ಡಿಗಾಗಿ ಹುಡುಕಾಡದೆ ಈಗಲೇ ಮಾಡಿಸಿಡಿ. ದಾರಿ ಕಾಣದಿದ್ದರೆ ಧರ್ಮಕೇಂದ್ರದ ಗುರುಗಳಿಗೋ, ಸಂತ ವಿನ್ಸೆಂಟ್ ದಿ ಪಾಲ್ ಸಂಘದವರಿಗೋ ತಿಳಿಸಿ. ಕೇಳುವುದು ಅವಮಾನವಲ್ಲ, ಪೇತ್ರನಂತೆ ಕೊನೆಗೆ ಪಾದ ಚಾಚುವುದು.

ಹರಕೆ ಹೊತ್ತವರಿಗೂ ಒಂದು ಮಾತು. ವೇಳಾಂಕಣಿ ಮಾತೆಗೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಹರಕೆ ಹೊತ್ತವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಕಾದ ಟಾರು ರಸ್ತೆ ಅವರ ಪಾದವನ್ನು ಸುಟ್ಟರೂ ತಿಳಿಯುವುದಿಲ್ಲ. ಮಗನ ಗಾಯಗಳನ್ನು ಕಂಡ ಆ ತಾಯಿ ನಿಮ್ಮ ಕಾಲಿನ ಹುಣ್ಣನ್ನು ಕಾಣಿಕೆಯಾಗಿ ಕೇಳಿಯಾಳೇ? ಸಕಾರಣವಿದ್ದರೆ ಇಂಥ ಹರಕೆಯಿಂದ ನಿಮ್ಮನ್ನು ಬಿಡುಗಡೆ ಮಾಡುವ ಅಧಿಕಾರವನ್ನು ಧರ್ಮಸಭೆ ಧರ್ಮಕೇಂದ್ರದ ಗುರುಗಳಿಗೆ ಕೊಟ್ಟಿದೆ. ಹೋಗಿ ಮಾತನಾಡಿ.

ಎಲ್ಲ ಮಾಡಿದ ಮೇಲೂ ಉಳಿಯುವ ನೋವುಗಳಿವೆ. ಸವೆದ ಮೊಣಕಾಲು ಯೌವನಕ್ಕೆ ಮರಳುವುದಿಲ್ಲ. ಅಂಥವರಿಗೆ ಸಂತ ಕಮಿಲ್ಲಸ್ ಜೊತೆಗಾರ. 1550ರಲ್ಲಿ ಹುಟ್ಟಿದ ಈ ಸೈನಿಕ ಕಾಲಿನ ಹುಣ್ಣಿನ ಚಿಕಿತ್ಸೆಗೆಂದು ರೋಮಿನ ಆಸ್ಪತ್ರೆ ಸೇರಿದರು. ಮಠ ಸೇರಿದರೂ ಆ ಹುಣ್ಣಿನಿಂದಾಗಿ ಹೊರಬರಬೇಕಾಯಿತು. 1614ರಲ್ಲಿ ಸಾಯುವ ತನಕ ಅವರ ಕಾಲು ವಾಸಿಯಾಗಲಿಲ್ಲ. ಅವರು ಚಿಕಿತ್ಸೆಯನ್ನು ಬೇಡವೆನ್ನಲಿಲ್ಲ, ವಾಸಿಯಾಗಲಿಲ್ಲವೆಂದು ಕಹಿಯೂ ಆಗಲಿಲ್ಲ. ಅದೇ ಕಾಲಿನಲ್ಲಿ ಕುಂಟುತ್ತಾ ರೋಗಿಗಳ ಹಾಸಿಗೆಯಿಂದ ಹಾಸಿಗೆಗೆ ನಡೆದರು. ಮುಚ್ಚಿಡುವ ನೋವಲ್ಲ, ಚಿಕಿತ್ಸೆಯ ನಂತರವೂ ಉಳಿದು ದೇವರ ಕೈಗೆ ಒಪ್ಪಿಸಿದ ಇಂಥ ನೋವೇ ಶಿಲುಬೆ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಒಂದು ಕೆಲಸ ಮಾಡಿ. ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತನ್ನಿ, ಬಿಸಿಯನ್ನು ನಿಮ್ಮ ಕೈಯಿಂದಲೇ ನೋಡಿ. ಅಮ್ಮನ ಪಾದವನ್ನು ತೊಳೆಯಿರಿ, ಬೆರಳುಗಳ ಸಂದಿಯನ್ನು ಮೆತ್ತಗೆ ಒರೆಸಿ, ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿ. ಗುಳ್ಳೆ, ಬಿರುಕು, ವಾಸಿಯಾಗದ ಗಾಯ, ಬಣ್ಣ ಬದಲಾದ ಬೆರಳು ಕಂಡರೆ ನಾಳೆಯೇ ವೈದ್ಯರಲ್ಲಿಗೆ ಹೊರಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಆ ಕ್ಷಣವೇ ಹೊರಡಿ. ಅಮ್ಮ ಕಾಲು ಹಿಂದೆ ಎಳೆದುಕೊಂಡಾರು. ಆಗ ಪೇತ್ರನ ಕಥೆ ಹೇಳಿ.

ಪ್ರಭುವೇ, ಶಿಷ್ಯರ ಪಾದಗಳ ಮುಂದೆ ಮೊಣಕಾಲೂರಿದವರು ನೀವು. ನಮ್ಮವರ ಪಾದಗಳನ್ನು ನೋಡುವ ಕಣ್ಣನ್ನು ನಮಗೆ ಕೊಡಿ. ನಮ್ಮ ನೋವನ್ನು ಹೇಳಿಕೊಳ್ಳುವ ದೀನತೆಯನ್ನೂ ಕೊಡಿ. ಆಮೆನ್.