ಮತ್ತಿನ ಮಾತ್ರೆಯ ವಿಷಯವಾದ ಸತ್ಯವೂ ಕಟ್ಟುಕಥೆಯೂ

ಪಟ್ಟಣಗಳ ನೃತ್ಯಶಾಲೆಗಳಲ್ಲಿ ಎಕ್ಸ್‌ಟಸಿ ಎಂದು ಕರೆಯಲ್ಪಡುವ ಮಾತ್ರೆಯ ವಿಷಯದಲ್ಲಿ ಅನೇಕ ಕಥೆಗಳುಂಟು. ಹಸಿವೆಯನ್ನು ಅಡಗಿಸುವದಕ್ಕೆ ಇದನ್ನು ಮಾಡಿದರೆಂಬದು ಸುಳ್ಳು. ಜರ್ಮನಿಯ ಮೆರ್ಕ್ ಕಂಪೆನಿಯವರು 1912ರಲ್ಲಿ ರಕ್ತಸ್ರಾವವನ್ನು ತಡೆಯುವ ಔಷಧವನ್ನು ಹುಡುಕುತ್ತಿರುವಾಗ ಇದು ಹುಟ್ಟಿತು. ಒಂದೇ ರಾತ್ರಿಯ ಸೇವನೆಯಿಂದ ಮೆದುಳು ಕೆಡಬಹುದೆಂದು 2002ರಲ್ಲಿ ಸಾರಿದ ವಿದ್ವಾಂಸರು, ತಾವು ಕೋತಿಗಳಿಗೆ ಕೊಟ್ಟದ್ದು ಬೇರೆ ಮದ್ದೆಂದು ಕಂಡು, 2003ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಪಟ್ಟಣಕ್ಕೆ ಹೋಗುವ ಮಗನನ್ನು ಹೆದರಿಸುವದಕ್ಕೋಸ್ಕರವಾದರೂ ಸುಳ್ಳಾಡಬೇಡಿರಿ. ಅದು ಬೈಲಾದ ದಿನ ಅವನು ನಿಮ್ಮ ಸತ್ಯವನ್ನೂ ನಂಬಲಾರನು.

ಹಾಗಾದರೆ ಕೇಡಿಲ್ಲವೋ? ಉಂಟು. ಮೈಯ ಬಿಸಿ ಮಿತಿಮೀರಿ ಏರಿ ಸತ್ತವರುಂಟು. ನೀರೇ ರಕ್ಷೆಯೆಂದು ನಂಬಿ ಅತಿಯಾಗಿ ಕುಡಿದು, ರಕ್ತದ ಉಪ್ಪು ಇಳಿದು, ಮೆದುಳು ಉಬ್ಬಿ ಸತ್ತವರೂ ಉಂಟು. ಇದಲ್ಲದೆ ಮಾರುವವನು ಹೇಳುವ ಹೆಸರೊಂದು, ಮಾತ್ರೆಯೊಳಗಿನ ವಸ್ತು ಮತ್ತೊಂದು ಆಗಿರುವದು ಅಪರೂಪವಲ್ಲ.